ಕೆಂಪು ಹಣ್ಣಿಗೆ ಬೇರೆ ಕೂಲಿ ಬೇಕು

ಕಾಫಿ ದರ ಏರಿದಾಗ ಎಲ್ಲರ ಬಾಯಲ್ಲೂ ಚೀಲದ ಲೆಕ್ಕ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್‌ಗೆ ಎಷ್ಟಾಯಿತು, ರೊಬಸ್ಟಾ ಚೆರಿಗೆ ಎಷ್ಟಾಯಿತು, ಬ್ರೆಜಿಲ್‌ನಲ್ಲಿ ಬರವಂತೆ, ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಂತೆ ಎಂಬ ಸುದ್ದಿ ನಮ್ಮೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲೂ ಓಡಾಡುತ್ತದೆ. 2024ರಲ್ಲಿ ಮತ್ತು 2025ರ ಆರಂಭದಲ್ಲಿ ದರ ಹಿಂದೆಂದೂ ಕಾಣದ ಮಟ್ಟ ಮುಟ್ಟಿದಾಗಲಂತೂ ಬೇರೆ ಮಾತೇ ಇರಲಿಲ್ಲ. ಆದರೆ ಆ ಚೀಲ ತುಂಬಲು ಹಣ್ಣು ಬಿಡಿಸಿದ ಕೈಗೆ ನಾವು ಯಾವ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ನಾನು ಮೂಡಿಗೆರೆ ತಾಲ್ಲೂಕಿನವಳು. ಹೆಚ್ಚಿನ ಪಾಲು ಅರೇಬಿಕಾ, ತೋಟದ ತಗ್ಗಿನ ಭಾಗದಲ್ಲಿ ಸ್ವಲ್ಪ ರೊಬಸ್ಟಾ ಇಟ್ಟುಕೊಂಡಿರುವ ಸಣ್ಣ ಬೆಳೆಗಾರ್ತಿ. ಕುಯ್ಲಿನ ಕಾಲದಲ್ಲಿ ಸಂಜೆ ತಕ್ಕಡಿಯ ಪಕ್ಕ ನಿಂತು ತೂಕ ಬರೆದುಕೊಳ್ಳುವವಳು ನಾನೇ. ಅಲ್ಲಿ ನಿಂತು ನೋಡಿದ ಮೇಲೆ ನನಗೆ ಖಚಿತವಾದ ಮಾತು ಇದು: ಹಣ್ಣಾದದ್ದಕ್ಕೂ ಹಣ್ಣಾಗದ್ದಕ್ಕೂ ಕೆ.ಜಿ.ಗೆ ಒಂದೇ ಕೂಲಿ ಕೊಡುವ ಪದ್ಧತಿ ನಮ್ಮ ಕಾಫಿಯನ್ನೂ ಕೆಡಿಸುತ್ತಿದೆ, ಬಿಡಿಸುವವರ ಕೈಚಳಕಕ್ಕೂ ಅನ್ಯಾಯ ಮಾಡುತ್ತಿದೆ. ಕೆಂಪು ಹಣ್ಣನ್ನು ಆರಿಸಿ ಬಿಡಿಸುವ ಕೆಲಸಕ್ಕೆ ಬೇರೆ ಕೂಲಿ, ಹೆಚ್ಚಿನ ಕೂಲಿ ನಿಗದಿಯಾಗಬೇಕು. ಇದು ಯಾಕೆ ಅಗತ್ಯ ಎಂದು ತಿಳಿಯಬೇಕಾದರೆ ಕುಯ್ಲಿಗಿಂತ ಬಹಳ ಮೊದಲು, ಹೂವಿನಿಂದಲೇ ಶುರುಮಾಡಬೇಕು.

ಮಳೆಗಾಲ ಮುಗಿದು ಹಗಲು ಗಿಡ್ಡವಾಗತೊಡಗಿದಾಗ ಕಾಫಿ ಗಿಡದ ಅಡ್ಡರೆಂಬೆಗಳಲ್ಲಿ, ಎಲೆಯ ಬುಡದ ಪ್ರತಿ ಗಿಣ್ಣಿನಲ್ಲೂ ಮೊಗ್ಗು ಮೂಡುತ್ತದೆ. ಸ್ವಲ್ಪ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ. ಮುಂದಿನ ಒಣ ದಿನಗಳಲ್ಲಿ ಗಿಡ ಬಾಯಾರಬೇಕು, ಎಲೆ ಸ್ವಲ್ಪ ಜೋಲಬೇಕು. ಆಮೇಲೆ ಒಂದು ಒಳ್ಳೆಯ ಮಳೆ ಬೀಳಬೇಕು. ರೊಬಸ್ಟಾಗೆ ಫೆಬ್ರವರಿ ಕೊನೆ, ಮಾರ್ಚ್. ಅರೇಬಿಕಾಗೆ ಮಾರ್ಚ್, ಏಪ್ರಿಲ್. ಇದಕ್ಕೆ ನಾವು ಹೂಮಳೆ ಎನ್ನುತ್ತೇವೆ. ಆ ದಿನಗಳಲ್ಲಿ ಮಲೆನಾಡಿನಲ್ಲಿ ಫೋನ್ ಎತ್ತಿದರೆ ಮೊದಲ ಪ್ರಶ್ನೆಯೇ ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಬಂತು?’ ಒಂದಿಂಚು, ಅಂದರೆ ನೂರು ಸೆಂಟ್ಸ್ ಬಂದರೆ ನೆಮ್ಮದಿ. ಇಪ್ಪತ್ತು ಮೂವತ್ತು ಸೆಂಟ್ಸ್ ಬಿದ್ದು ನಿಂತರೆ ಸಂಕಟ. ಎಚ್ಚರಗೊಂಡ ಮೊಗ್ಗಿಗೆ ಅರಳುವಷ್ಟು ನೀರು ಸಾಲದೆ ಅದು ಅರ್ಧದಲ್ಲೇ ಕರಕಲಾಗುತ್ತದೆ.

ಸರಿಯಾದ ಮಳೆ ಬಿದ್ದರೆ ಅರೇಬಿಕಾ ಒಂಬತ್ತು ಹತ್ತನೇ ದಿನಕ್ಕೆ ಅರಳುತ್ತದೆ. ಬೆಳಗಿನ ಜಾವ ತೋಟದ ಹಾದಿಯಲ್ಲಿ ಕಾಲಿಟ್ಟರೆ ಸಾಕು, ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಮಲ್ಲಿಗೆಯಂಥ ಬಿಳಿ ಹೂ ರೆಂಬೆಯ ಉದ್ದಕ್ಕೂ ಗೊಂಚಲು ಗೊಂಚಲು. ಎರಡು ಮೂರು ದಿನಕ್ಕೆ ಕಂದಿ ಹೋಗುವ ಹೂವಿದು. ಅರೇಬಿಕಾ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ, ಹೆಜ್ಜೇನು, ತುಡುವೆ ಜೇನು ಇಲ್ಲದಿದ್ದರೆ ಹೂ ಎಷ್ಟು ಬಿಟ್ಟರೂ ಕಾಯಿ ಅಷ್ಟಕ್ಕಷ್ಟೇ. ಅತ್ತಿ, ಬಸರಿ, ನಂದಿ ಮರಗಳನ್ನು ಕಡಿದು ಬರೀ ಸಿಲ್ವರ್ ಓಕ್ ನಿಲ್ಲಿಸಿದ ತೋಟಗಳಲ್ಲಿ ಹೆಜ್ಜೇನು ಕಟ್ಟಲು ಕೊಂಬೆ ಸಿಗುವುದು ಕಷ್ಟ. ಹೂ ಅರಳಿದ ದಿನವೇ ಜೋರು ಮಳೆ ಸುರಿದರೆ ಪರಾಗ ತೊಳೆದು ಹೋಗುತ್ತದೆ. ಹೂವಾಗಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಎನ್ನುವುದು, ಬರದಿದ್ದರೆ ಕಟ್ಟಿದ ಈಚು ಉದುರುತ್ತದೆ.

ಒಂದೇ ಮಳೆಗೆ ಇಡೀ ತೋಟ ಒಟ್ಟಿಗೆ ಅರಳಿದರೆ ಹಣ್ಣೂ ಹೆಚ್ಚುಕಡಿಮೆ ಒಟ್ಟಿಗೆ ಬರುತ್ತದೆ. ಈಚಿನ ವರ್ಷಗಳಲ್ಲಿ ಕೈ ತಪ್ಪುತ್ತಿರುವುದು ಇದೇ. 2021ರ ಜನವರಿಯಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗು ಮೂರೂ ಜಿಲ್ಲೆಗಳಲ್ಲಿ ಸುರಿದ ಅಕಾಲ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಕಣದಲ್ಲಿ ಹರಡಿದ್ದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮುಂದಿನ ಬೆಳೆಗೆ. ಆಗಲೇ ಬಲಿತಿದ್ದ ಮೊಗ್ಗು ಜನವರಿಯಲ್ಲೇ ಅರಳಿತು. ಬಲಿಯದ ಮೊಗ್ಗು ಮಾರ್ಚ್‌ನ ಮಳೆಗೆ ಕಾಯಿತು. ಹಿಂದಿನ ಬೆಳೆಯ ಹಣ್ಣು ಇನ್ನೂ ಗಿಡದಲ್ಲೇ ಇದ್ದ ರೊಬಸ್ಟಾ ತೋಟಗಳಲ್ಲಿ ಹಣ್ಣು ಬಿಡಿಸಲು ಹೋದರೆ ಹೂ ಉದುರುತ್ತದೆ, ಬಿಟ್ಟರೆ ಹಣ್ಣು ಒಣಗಿ ಬೀಳುತ್ತದೆ ಎಂಬ ಸ್ಥಿತಿ. ಅಂಥ ಮಳೆ ಆಮೇಲೆಯೂ ಬಂದಿದೆ. ಹೂ ಹೀಗೆ ಎರಡು ಮೂರು ಕಂತಿನಲ್ಲಿ ಬಂದರೆ ಹಣ್ಣೂ ಎರಡು ಮೂರು ಕಂತಿನಲ್ಲೇ ಬರುತ್ತದೆ.

ಹೂವಿನಿಂದ ಹಣ್ಣಿನ ತನಕದ ದಾರಿಯೂ ಉದ್ದ. ಅರೇಬಿಕಾಗೆ ಎಂಟೊಂಬತ್ತು ತಿಂಗಳು, ರೊಬಸ್ಟಾಗೆ ಹತ್ತು ಹನ್ನೊಂದು. ಮುಂಗಾರು ಹಿಡಿಯುವವರೆಗೆ ಕಾಯಿ ಗುಂಡುಸೂಜಿಯ ತಲೆಯಷ್ಟೇ. ಮಳೆಗಾಲದಲ್ಲಿ ಉಬ್ಬುತ್ತದೆ, ಒಳಗೆ ನೀರಿನಂತಿದ್ದದ್ದು ಗಟ್ಟಿಯಾಗುತ್ತಾ ಬೀಜವಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಡದಿದ್ದರೆ ಕೊಳೆರೋಗ. ನೀರು ನಿಂತರೆ ಕಾಯಿ ಉದುರು. ಇವೆಲ್ಲ ದಾಟಿ ಬಂದ ಅರೇಬಿಕಾ ಅಕ್ಟೋಬರ್ ಕೊನೆಗೆ ಅಲ್ಲೊಂದು ಇಲ್ಲೊಂದು ಬಣ್ಣ ತಿರುಗತೊಡಗುತ್ತದೆ.

ಡಿಸೆಂಬರ್ ಮೊದಲ ವಾರದ ಒಂದು ರೆಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದೇ ಗಿಣ್ಣಿನಲ್ಲಿ ಹತ್ತು ಹನ್ನೆರಡು ಕಾಯಿ ಒತ್ತೊತ್ತಾಗಿ ಕೂತಿವೆ. ನಾಲ್ಕು ಕಡುಗೆಂಪು. ಎರಡು ಕಿತ್ತಳೆ ಬಣ್ಣಕ್ಕೆ ತಿರುಗಿವೆ. ಮೂರರಲ್ಲಿ ಹಸಿರು ಹೋಗಿ ಹಳದಿ ಹೊಯ್ದಿದೆ. ಎರಡು ಇನ್ನೂ ಹಚ್ಚ ಹಸಿರು, ಕಲ್ಲಿನಷ್ಟು ಗಟ್ಟಿ. ಒಂದು ಆಗಲೇ ಒಣಗಿ ಕಪ್ಪಾಗಿದೆ. ಕೆಂಪನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸಿಪ್ಪೆ ಬಿರಿದು ಲೋಳೆ ಸವರಿದ ಎರಡು ಬೀಜ ಜಾರಿ ಹೊರಬರುತ್ತವೆ. ಬಾಯಿಗೆ ಹಾಕಿಕೊಂಡರೆ ಸಿಹಿ. ಹಸಿರನ್ನು ಎಷ್ಟು ಒತ್ತಿದರೂ ಬಿರಿಯುವುದಿಲ್ಲ. ಅದೇ ರೆಂಬೆಯ ತುದಿಯತ್ತ ನೋಡಿದರೆ ಎಳೆಯ ಎಲೆಗಳ ಬುಡದಲ್ಲಿ ಬರುವ ವರ್ಷದ ಮೊಗ್ಗು ಆಗಲೇ ಮೂಡುತ್ತಿರುತ್ತದೆ. ಈ ವರ್ಷದ ಹಣ್ಣು, ಮುಂದಿನ ವರ್ಷದ ಹೂ ಎರಡೂ ಗೇಣಿನ ಅಂತರದಲ್ಲಿವೆ.

ಈಗ ಈ ರೆಂಬೆಗೆ ಬರುವ ಎರಡು ಬಗೆಯ ಕೈಗಳನ್ನು ನೋಡೋಣ. ಕೆಲಸ ಬಲ್ಲ ಹೆಂಗಸು ಎಡಗೈಯಲ್ಲಿ ರೆಂಬೆಯನ್ನು ಮೆಲ್ಲಗೆ ಬಗ್ಗಿಸಿ ಹಿಡಿಯುತ್ತಾಳೆ. ಬಲಗೈಯ ಹೆಬ್ಬೆರಳು, ತೋರುಬೆರಳು ಕೆಂಪು ಹಣ್ಣನ್ನಷ್ಟೇ ಹುಡುಕಿ ಸ್ವಲ್ಪ ತಿರುವಿ ಬಿಡಿಸುತ್ತವೆ. ತೊಟ್ಟು ಗಿಡದಲ್ಲೇ ಉಳಿಯುತ್ತದೆ, ಎಲೆ ಹರಿಯುವುದಿಲ್ಲ, ಪಕ್ಕದ ಹಸಿರು ಕಾಯಿ ಅಲ್ಲಾಡುವುದಿಲ್ಲ. ಚಗಳಿ ಇರುವೆ ಕತ್ತಿನೊಳಗೆ ಇಳಿದು ಕಚ್ಚುತ್ತಿದ್ದರೂ ಆ ಬೆರಳುಗಳ ಲಯ ತಪ್ಪುವುದಿಲ್ಲ. ಇನ್ನೊಂದು ಕೈ ರೆಂಬೆಯ ಬುಡದಲ್ಲಿ ಹಿಡಿದು ತುದಿಯವರೆಗೆ ಒಂದೇ ಸಲ ಎಳೆಯುತ್ತದೆ. ಕೆಂಪು, ಹಳದಿ, ಹಸಿರು, ಎಲೆ, ಮೊಗ್ಗು ಎಲ್ಲವೂ ಚೀಲಕ್ಕೆ. ಸಂಜೆ ತಕ್ಕಡಿಗೆ ಬಂದಾಗ ಎರಡನೆಯ ಚೀಲವೇ ಭಾರ. ಮೊದಲನೆಯವಳಿಗೆ ಕಡಿಮೆ ದುಡ್ಡು, ಎರಡನೆಯವಳಿಗೆ ಹೆಚ್ಚು. ಕೆಲಸ ಚೆನ್ನಾಗಿ ಬಲ್ಲವಳನ್ನೇ ನಮ್ಮ ತಕ್ಕಡಿ ಶಿಕ್ಷಿಸುತ್ತದೆ.

ನಮ್ಮ ತೋಟಕ್ಕೆ ಬಹಳ ಕಾಲದಿಂದ ಬರುತ್ತಿರುವ ಹಿರಿಯಕ್ಕ ಒಬ್ಬರು ಒಂದು ಸಂಜೆ ಇದನ್ನು ನೇರವಾಗಿ ಹೇಳಿದರು: ‘ಅಮ್ಮಾ, ಹಸಿರಿಗೂ ಅದೇ ದುಡ್ಡು, ಕೆಂಪಿಗೂ ಅದೇ ದುಡ್ಡು ಅಂದ್ಮೇಲೆ ಕೈ ಯಾಕೆ ಸುಮ್ನಿರುತ್ತೆ? ಮನೇಲಿ ಮಕ್ಕಳಿಲ್ವಾ ನಮಗೆ?’ ಆ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಆಕೆ ಹೇಳಿದ್ದು ಸರಿ. ‘ಕೆಂಪು ಮಾತ್ರ ಬಿಡಿಸಿ’ ಎಂದು ಬೆಳಿಗ್ಗೆ ಹೇಳಿ ಸಂಜೆ ಬರೀ ತೂಕ ನೋಡಿ ದುಡ್ಡು ಎಣಿಸಿದರೆ ಜನ ನಂಬುವುದು ಬೆಳಗಿನ ಮಾತನ್ನಲ್ಲ, ಸಂಜೆಯ ದುಡ್ಡನ್ನೇ.

ಹಸಿರು ಕಾಯಿ ಚೀಲದೊಳಗೆ ಬಂದ ಮೇಲೆ ಅದರ ಹಾನಿ ಕೊನೆಯವರೆಗೂ ಹೋಗುತ್ತದೆ. ಹಣ್ಣನ್ನು ಬಿಡಿಸಿದ ದಿನವೇ ಪಲ್ಪರ್‌ಗೆ ಹಾಕಬೇಕು. ಹಣ್ಣಿನ ಸಿಪ್ಪೆ ಸಲೀಸಾಗಿ ಕಳಚುತ್ತದೆ, ಗಟ್ಟಿ ಕಾಯಿ ಹಲ್ಲಿಗೆ ಸಿಕ್ಕಿ ಜಜ್ಜಿಹೋಗುತ್ತದೆ. ಅರೇಬಿಕಾ ಬೀಜದ ಮೇಲಿನ ಲೋಳೆ ತೊಟ್ಟಿಯಲ್ಲಿ ಒಂದರಿಂದ ಒಂದೂವರೆ ದಿನದಲ್ಲಿ ಹುಳಿತು ಬಿಡುತ್ತದೆ. ಅದನ್ನು ತೊಳೆದು, ಕಣದಲ್ಲಿ ತೆಳ್ಳಗೆ ಹರಡಿ, ಕೈಯಾಡಿಸುತ್ತಾ ತೇವ ಶೇ 10ಕ್ಕೆ ಇಳಿಯುವವರೆಗೆ ಒಣಗಿಸಬೇಕು; ಹಾಗೆ ಒಣಗಿದ್ದೇ ಪಾರ್ಚ್‌ಮೆಂಟ್. ಇಷ್ಟೆಲ್ಲ ಶ್ರಮದ ನಡುವೆಯೂ ಬಲಿಯದ ಬೀಜ ಬಲಿಯದ ಬೀಜವೇ. ಹುರಿದಾಗ ಉಳಿದವು ಕಂದಾದರೆ ಅದು ಪೇಲವವಾಗಿಯೇ ಉಳಿಯುತ್ತದೆ, ಲೋಟದಲ್ಲಿ ಒಗರು ಮತ್ತು ಹಸಿಹುಲ್ಲಿನ ವಾಸನೆ ಕೊಡುತ್ತದೆ. ಹತ್ತು ತಿಂಗಳು ಗಿಡ ಮಾಡಿದ ಕೆಲಸವನ್ನು ಕೊನೆಯ ಹತ್ತು ದಿನ ಕಾಯದೆ ನಾವು ಹಾಳುಮಾಡುತ್ತೇವೆ.

ಹೆಚ್ಚು ಕೂಲಿ ಕೊಟ್ಟರೆ ಬೆಳೆಗಾರ ಉಳಿಯುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಲೆಕ್ಕ ಹಾಕೋಣ. ಸುಮಾರು ಐದಾರು ಕೆ.ಜಿ. ಹಣ್ಣಿನಿಂದ ಒಂದು ಕೆ.ಜಿ. ಹುರಿಯಲು ಸಿದ್ಧವಾದ ಬೀಜ ಸಿಗುತ್ತದೆ. ಕೆಂಪು ಹಣ್ಣು ಬಿಡಿಸಲು ಕೆ.ಜಿ.ಗೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಬೀಜದ ಮೇಲೆ ಬೀಳುವ ಭಾರ ಐದಾರು ರೂಪಾಯಿ. ಎರಡು ರೂಪಾಯಿ ಕೊಟ್ಟರೆ ಹತ್ತು ಹನ್ನೆರಡು. ಪೇಟೆಯಲ್ಲಿ ಕಾಫಿಪುಡಿಗೆ ಕೆ.ಜಿ.ಗೆ ನೂರಾರು ರೂಪಾಯಿ ಕೊಡುವ ಕಾಲದಲ್ಲಿ ಈ ಹತ್ತು ರೂಪಾಯಿ ಇಡೀ ಸರಪಳಿಯನ್ನು ಮುಳುಗಿಸುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ಗೊಬ್ಬರಕ್ಕೆ, ಮದ್ದಿಗೆ, ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾರಿಸಲು ಡೀಸೆಲ್‌ಗೆ ಖರ್ಚು ಮಾಡುವಾಗ ನಾವು ಹಿಂದೆ ಮುಂದೆ ನೋಡುವುದಿಲ್ಲ. ಆ ಖರ್ಚೆಲ್ಲ ಸಾರ್ಥಕವಾಗುವುದೋ ಇಲ್ಲವೋ ತೀರ್ಮಾನವಾಗುವುದು ಬಿಡಿಸುವ ಕೈಯಲ್ಲಿ.

ಎರಡನೆಯ ಮಾತು: ಜನವೇ ಸಿಗುವುದಿಲ್ಲ, ಸಿಕ್ಕ ಜನರಿಂದ ಒಂದೇ ಸಲಕ್ಕೆ ಬಿಡಿಸಿ ಮುಗಿಸುವುದು ಅನಿವಾರ್ಯ. ಜನ ಕಡಿಮೆಯಾಗಿರುವುದು ನಿಜ. ಹಿಂದೆ ಬಯಲುಸೀಮೆಯಿಂದ ಬರುತ್ತಿದ್ದವರು ಈಗ ಅಷ್ಟು ಬರುತ್ತಿಲ್ಲ. ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕುಟುಂಬಗಳು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿವೆ. ಕಾಫಿಯನ್ನೇ ನೋಡಿರದ ಹುಡುಗನಿಗೆ ಯಾವುದು ಹಣ್ಣು ಎಂದು ತೋರಿಸಿಕೊಡಲು ಭಾಷೆ ಬೇಕಿಲ್ಲ, ಒಂದು ಕೆಂಪು ಹಣ್ಣು ಕೈಗಿಟ್ಟರೆ ಸಾಕು. ಕಲಿತದ್ದಕ್ಕೆ ಬೆಲೆ ಸಿಗುತ್ತದೆ ಎಂದು ಗೊತ್ತಾದರೆ ಅವನು ಬೇಗ ಕಲಿಯುತ್ತಾನೆ, ಮುಂದಿನ ವರ್ಷವೂ ಅದೇ ತೋಟಕ್ಕೆ ಬರುತ್ತಾನೆ. ಜನ ನಿಲ್ಲದಿರುವುದಕ್ಕೆ ಕೈಚಳಕಕ್ಕೆ ಬೆಲೆ ಇಲ್ಲದಿರುವುದೂ ಒಂದು ಕಾರಣ.

ಮೂರನೆಯದು ರೊಬಸ್ಟಾ ಬೆಳೆಯುವವರ ಮಾತು. ‘ನಾವು ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡಿ ಮಾರುತ್ತೇವೆ, ಒಣಗಿದ ಮೇಲೆ ಹಸಿರೂ ಕಪ್ಪು, ಕೆಂಪೂ ಕಪ್ಪು.’ ಆದರೆ ಚೆರಿಯನ್ನು ವ್ಯಾಪಾರಿ ಕೊಳ್ಳುವುದು ಔಟ್‌ಟರ್ನ್ ನೋಡಿ. ಮಾದರಿ ತೆಗೆದು, ಸಿಪ್ಪೆ ಬಿಡಿಸಿ, 50 ಕೆ.ಜಿ. ಚೀಲಕ್ಕೆ ಎಷ್ಟು ಬೀಜ ಬೀಳುತ್ತದೆ ಎಂದು ತೂಗಿಯೇ ದರ ಹೇಳುತ್ತಾರೆ. ಬಲಿಯದ ಕಾಯಿಯೊಳಗಿನ ಬೀಜ ಹಗುರ, ಸುಕ್ಕು. ಹಸಿರು ಹೆಚ್ಚಾದಷ್ಟೂ ಔಟ್‌ಟರ್ನ್ ಇಳಿಯುತ್ತದೆ. ತಕ್ಕಡಿಯಲ್ಲಿ ಹಸಿ ತೂಕಕ್ಕೆ ಕೂಲಿ ಕೊಟ್ಟು, ಮಾರುವಾಗ ಒಣ ಬೀಜದ ತೂಕಕ್ಕೆ ದುಡ್ಡು ತೆಗೆದುಕೊಳ್ಳುವ ಬೆಳೆಗಾರ ಎರಡೂ ಕಡೆ ಕಳೆದುಕೊಳ್ಳುತ್ತಾನೆ.

ಎಲ್ಲ ಕಾಲದಲ್ಲೂ ಕೆಂಪನ್ನೇ ಆರಿಸಿ ಎಂದು ನಾನು ಹೇಳುತ್ತಿಲ್ಲ. ಕೊನೆಯ ಕುಯ್ಲಿನಲ್ಲಿ ಗಿಡದಲ್ಲಿ ಒಂದು ಕಾಯಿಯೂ ಉಳಿಯಬಾರದು. ಗಿಡದಲ್ಲಿ ಒಣಗಿ ನಿಂತ ಹಣ್ಣು, ನೆಲಕ್ಕೆ ಉದುರಿದ ಹಣ್ಣು ಕಾಯಿಕೊರಕಕ್ಕೆ ಮನೆ. ಅಲ್ಲೇ ಮರಿ ಮಾಡಿ ಅದು ಮುಂದಿನ ಬೆಳೆಗೆ ದಾಟುತ್ತದೆ. ಆದ್ದರಿಂದ ಪೂರ್ತಿ ಬಿಡಿಸುವುದೂ, ಉದುರು ಆರಿಸುವುದೂ ಬೇಕಾದ ಕೆಲಸಗಳೇ. ನವೆಂಬರ್‌ನಲ್ಲಿ ಮೋಡ ಕಟ್ಟಿ ಹಣ್ಣು ಒಡೆದು ಉದುರುವಂತಾದಾಗ ಸಿಕ್ಕಷ್ಟು ಬಿಡಿಸಿ ಒಳಗೆ ಸೇರಿಸುವುದೂ ಸರಿಯೇ. ಅದಕ್ಕೇ ಇಡೀ ಕುಯ್ಲಿಗೆ ಒಂದೇ ದರ ಬೇಡ, ಸುತ್ತಿಗೊಂದು ದರ ಇರಲಿ ಎನ್ನುವುದು. ಮೊದಲು ಹಣ್ಣಾದದ್ದನ್ನು ಹುಡುಕಿ ಬಿಡಿಸುವ ಫ್ಲೈ ಪಿಕ್ಕಿಂಗ್‌ನಲ್ಲಿ ಇಡೀ ದಿನ ಓಡಾಡಿದರೂ ಚೀಲ ತುಂಬುವುದಿಲ್ಲ. ಅಲ್ಲಿ ದಿನಗೂಲಿಯೇ ನ್ಯಾಯ. ಮುಖ್ಯ ಕುಯ್ಲಿನಲ್ಲಿ ಕೆಂಪು ಹಣ್ಣಿಗೆ ಹೆಚ್ಚಿನ ದರ. ಕೊನೆಯ ಸುತ್ತಿಗೆ ಈಗಿರುವ ತೂಕದ ದರ. ಉದುರು ಆರಿಸಲು ಮತ್ತೆ ದಿನಗೂಲಿ. ಈ ನಾಲ್ಕೂ ಕುಯ್ಲು ಶುರುವಾಗುವ ಮೊದಲೇ ಎಲ್ಲರಿಗೂ ತಿಳಿದಿರಬೇಕು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದಿರಬೇಕು.

ಜಗಳ ಬಾರದಂತೆ ಅಳೆಯುವುದು ಹೇಗೆ? ಚೀಲದ ಮೇಲಿಂದ, ನಡುವಿನಿಂದ, ಅಡಿಯಿಂದ ಒಂದೊಂದು ಹಿಡಿ ತೆಗೆದು ಮೊರದಲ್ಲಿ ಹರಡಿ, ನೂರು ಕಾಯಿ ಎಣಿಸಿ, ಎಷ್ಟು ಹಸಿರು ಇದೆ ಎಂದು ಬಿಡಿಸಿದವರ ಎದುರೇ ನೋಡಿದರಾಯಿತು. ತೂಗುವ ಮೊದಲು ಟಾರ್ಪಾಲ್ ಮೇಲೆ ಸುರಿದು ಹಸಿರು ಆರಿಸಲು ಸಮಯ ಕೊಡುವುದು ನಮ್ಮ ಕಡೆ ಹಳೆಯ ವಾಡಿಕೆ. ಹಾಗೆ ಆರಿಸುವ ಹೊತ್ತಿಗೂ ಕೂಲಿ ಸಿಗಬೇಕು.

ಬೆಳೆಗಾರರು ಮಾತ್ರ ಬದಲಾದರೆ ಇದು ಬಹುಕಾಲ ನಿಲ್ಲುವುದಿಲ್ಲ. ಕೊಳ್ಳುವವರೂ ತೇವ, ಔಟ್‌ಟರ್ನ್ ಜೊತೆಗೆ ಹಣ್ಣಿನ ಗುಣಕ್ಕೆ ಬೆಲೆ ಕಟ್ಟಬೇಕು. ಬಾಗಿಲಿಗೆ ಬರುವ ವ್ಯಾಪಾರಿ ಚೆನ್ನಾಗಿ ಬಿಡಿಸಿದ ಪಾರ್ಚ್‌ಮೆಂಟ್‌ಗೂ ಪಕ್ಕದ ತೋಟದ ಬೆರಕೆ ಮಾಲಿಗೂ ಒಂದೇ ದರ ಹೇಳಿ ಒಂದೇ ಲಾರಿಗೆ ತುಂಬಿದರೆ ಬೆಳೆಗಾರ ಹೆಚ್ಚಿನ ಕೂಲಿಯನ್ನು ಎಷ್ಟು ವರ್ಷ ಕೈಯಿಂದ ಕೊಟ್ಟಾನು? 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಜಿಐ ಟ್ಯಾಗ್ ಸಿಕ್ಕಿತು. ನಮಗೆಲ್ಲ ಹೆಮ್ಮೆಯಾಯಿತು. ಆ ಹೆಸರಿಗೆ ತಕ್ಕ ರುಚಿ ಸಿಗಬೇಕಾದರೆ ಡಿಸೆಂಬರ್‌ನಲ್ಲಿ ಒಂದೊಂದು ಗಿಣ್ಣಿನಲ್ಲೂ ಹಣ್ಣನ್ನೇ ಬಿಡಿಸಬೇಕು. ಆ ಹೆಸರಿನಿಂದ ಬರುವ ಲಾಭದಲ್ಲಿ ಬಿಡಿಸಿದವರಿಗೂ ಪಾಲಿರಬೇಕು.

ಸರ್ಕಾರ ಮತ್ತು ಕಾಫಿ ಮಂಡಳಿ ಮಾಡಬೇಕಾದ ಕೆಲಸವೂ ಇದೆ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ 98ಕ್ಕೂ ಹೆಚ್ಚು 10 ಹೆಕ್ಟೇರ್ ಒಳಗಿನವು. ನಮ್ಮಂಥವರೆಲ್ಲ ಪಲ್ಪರ್, ತೊಟ್ಟಿ, ದೊಡ್ಡ ಕಣ ಕಟ್ಟಿಕೊಳ್ಳುವುದು ಆಗದ ಮಾತು. ಫ್ಲೈ ಪಿಕ್ಕಿಂಗ್‌ನಲ್ಲಿ ದಿನಕ್ಕೆ ಒಂದೆರಡು ಚೀಲ ಹಣ್ಣು ಬಂದರೆ ಅದಕ್ಕಾಗಿ ಯಂತ್ರ ಓಡಿಸಲಾಗದೆ ಅನೇಕರು ಆ ಸುತ್ತನ್ನೇ ಬಿಟ್ಟುಬಿಡುತ್ತಾರೆ. ಹೋಬಳಿಗೊಂದು ಸಹಕಾರಿ ಪಲ್ಪಿಂಗ್ ಘಟಕ ಇದ್ದರೆ ಅಂದಂದಿನ ಹಣ್ಣನ್ನು ಅಂದೇ ಕೊಟ್ಟು ಬರಬಹುದು. ಪಲ್ಪಿಂಗ್‌ನ ಹುಳಿ ನೀರು ಹಳ್ಳಕ್ಕೆ ಸೇರದಂತೆ ಶುದ್ಧಮಾಡುವುದೂ ಒಂದೇ ಕಡೆಯಾದರೆ ಸುಲಭ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ತಳಿ, ರೋಗ, ಕೀಟಗಳ ಮೇಲೆ ಮಾಡಿರುವ ಕೆಲಸದ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಅಲ್ಲಿನ ತಿಳಿವಳಿಕೆ ಬೆಳೆಗಾರರ ಸಭೆಗಳಲ್ಲೇ ನಿಲ್ಲದೆ ಲೈನ್ ಮನೆಗಳವರೆಗೂ ಹೋಗಲಿ. ಹಣ್ಣು ಬಿಡಿಸುವ ಹೆಂಗಸರಿಗೂ ಯುವಕರಿಗೂ ತರಬೇತಿ ಕೊಡಲಿ, ಕಲಿತವರಿಗೆ ಪ್ರಮಾಣಪತ್ರ ಕೊಡಲಿ. ಅದನ್ನು ತೋರಿಸಿದವರಿಗೆ ಯಾವ ತೋಟದಲ್ಲಾದರೂ ಹೆಚ್ಚಿನ ಕೂಲಿ ಕೇಳುವ ಹಕ್ಕಿರಲಿ.

ಮಳೆ ಯಾವಾಗ ಬೀಳಬೇಕೆಂದು ನಾವು ಹೇಳಲಾರೆವು. ಬ್ರೆಜಿಲ್‌ನ ಬರ, ಲಂಡನ್ನಿನ ಮಾರುಕಟ್ಟೆ ನಮ್ಮ ಕೈಯಲ್ಲಿಲ್ಲ. ಹೂ ಒಂದೇ ಕಂತಿನಲ್ಲಿ ಬರುತ್ತಿದ್ದ ಕಾಲ ಮರಳುತ್ತದೆ ಎಂಬ ಭರವಸೆಯೂ ನನಗಿಲ್ಲ. ಕಂತು ಕಂತಾಗಿ ಬರುವ ಹಣ್ಣನ್ನು ಕಂತು ಕಂತಾಗಿಯೇ ಬಿಡಿಸಬೇಕು. ಆ ನಾಜೂಕಿನ ಕೆಲಸ ಮಾಡುವ ಯಂತ್ರ ಈ ಇಳಿಜಾರಿನ ನೆರಳು ತೋಟಗಳಿಗೆ ಬಂದಿಲ್ಲ. ಇರುವುದು ಮನುಷ್ಯರ ಬೆರಳುಗಳು ಮಾತ್ರ. ಅವುಗಳಿಗೆ ಎಷ್ಟು ಕೊಡಬೇಕು, ಯಾವ ಲೆಕ್ಕದಲ್ಲಿ ಕೊಡಬೇಕು ಎನ್ನುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಈ ಸಲ ಮೊದಲ ಕುಯ್ಲಿಗೆ ಮುಂಚೆ ಪ್ರತಿ ಬೆಳೆಗಾರರ ಸಂಘವೂ ಸಭೆ ಕರೆದು, ಕಾರ್ಮಿಕರ ಪ್ರತಿನಿಧಿಗಳನ್ನೂ ಕೂರಿಸಿಕೊಂಡು, ಕೆಂಪು ಹಣ್ಣಿನ ದರವನ್ನು ತೀರ್ಮಾನಿಸಿ ಊರ ಸಂಘದ ಬೋರ್ಡಿನ ಮೇಲೆ ಬರೆದು ಹಾಕಲಿ.